ಅಟ್ಟದಿಂದ ಇಳಿದ ತಿಮಿಂಗಿಲ

ಹೋದ ವಾರ ನಮ್ಮ ಅಟ್ಟದಿಂದ ಕೊಬ್ಬರಿಕಾಯಿಯ ಜೊತೆಗೆ ಒಂದು ತಿಮಿಂಗಿಲವೂ ಇಳಿಯಿತು. ಗಾಬರಿಯಾಗಬೇಡಿ, ಮೊಳದುದ್ದದ್ದು, ಪ್ಲಾಸ್ಟಿಕ್ಕಿನದು. ಮೈಮೇಲೆ ಹೊಗೆಯ ಕರಿ ಮೆತ್ತಿಕೊಂಡು, ಬಾಲ ಒಂದು ಕಡೆಗೆ ಸೊಟ್ಟಗಾಗಿತ್ತು. ಅಟ್ಟಕ್ಕೆ ಹಾಸಿದ್ದ ಅಡಿಕೆ ಮರದ ದಬ್ಬೆಗಳು ಲಡ್ಡಾಗಿ ಮುರಿಯುತ್ತಿದ್ದವೆಂದು ಈ ಸಲ ಮೂಲೆಮುಡುಕನ್ನೂ ಬಿಡದೆ ಪೂರ್ತಿ ಖಾಲಿ ಮಾಡಿಸುತ್ತಿದ್ದೆವು. ಮೇಲೆ ಹತ್ತಿದ್ದ ಆಳು ಒಂದು ಹಳೇ ಬಿದಿರಿನ ಮಂಕರಿಯನ್ನು ಕೆಳಗೆ ಚಾಚಿ, "ಅಕ್ಕಾ, ಇದ್ಯಾವ್ದೋ ಮೀನು ಕಣಕ್ಕ. ಒಣಗಾಕೆ ಹಾಕಿದ್ರಾ?" ಎಂದು ಕೇಳಿದ. ನಾನು ಮಂಕರಿ ಹಿಡಿದುಕೊಂಡು ಏಣಿಯ ಬುಡದಲ್ಲೇ ಕೂತುಬಿಟ್ಟೆ. ನಗು ಬರಬೇಕಿತ್ತು. ಬಂದದ್ದು ಸಿಟ್ಟು. ಈ ತಿಮಿಂಗಿಲವನ್ನು ಗುಜರಿಯವನಿಗೆ ಹಾಕಿದವಳು ಎಂಬ ಅಪವಾದವನ್ನು ನಾನು ನಾಲ್ಕೈದು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದೆ.

ತಿಮಿಂಗಿಲ ನನ್ನ ಅತ್ತೆಯದು. ಅತ್ತೆಗೆ ಸಮುದ್ರದ ಪ್ರಾಣಿಗಳ ಗೊಂಬೆ ಕೂಡಿಡುವ ಹುಚ್ಚು. ಬಿಳಿಗೆರೆಯ ಹತ್ತಿರದ ನಮ್ಮ ಹಳ್ಳಿಯಿಂದ ಸಮುದ್ರ ಎಷ್ಟು ದೂರ ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ, ನಾನು ಹೋಗಿಲ್ಲ. ಅದಕ್ಕೂ ಅತ್ತೆಯೇ ಕಾರಣ, ಆಮೇಲೆ ಹೇಳುತ್ತೇನೆ. ನಮ್ಮದು ಮೀನಿನ ವಾಸನೆಯೇ ಕಾಣದ ಮನೆ. ಒಲೆಯ ಮೇಲೆ ಮೊಟ್ಟೆ ಕೂಡ ಕೂತದ್ದಿಲ್ಲ. ಅಂಥ ಮನೆಯ ನಡುಮನೆಯಲ್ಲಿ, ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುವ ಶೋಕೇಸಿನ ತುಂಬ ಶಾರ್ಕು, ಆಕ್ಟೋಪಸ್ಸು, ಏಡಿ. ನಮ್ಮ ಯಜಮಾನರ ಸೋದರಮಾವ ಒಬ್ಬರು ಬಂದಾಗಲೆಲ್ಲ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕಾಫಿ ಕುಡಿಯುತ್ತಿದ್ದರು.

ಆ ಶೋಕೇಸು ಯಾರದ್ದು ಅಂತೀರಿ? ನನ್ನದು. ಚಿಕ್ಕನಾಯಕನಹಳ್ಳಿಯಲ್ಲಿ ನಮ್ಮಪ್ಪ ನಿಂತು ಹಲಸಿನ ಹಲಗೆಯಲ್ಲಿ ಮಾಡಿಸಿ, ಗಾಜು ಹಾಕಿಸಿ, ಮದುವೆಯಾದ ಮಾರನೇ ವಾರ ಟೆಂಪೋದಲ್ಲಿ ಕಳಿಸಿದ್ದು. ಕೆಳಗಿನ ಹಲಗೆಯ ಮೇಲೆ ನನ್ನ ಪಿಂಗಾಣಿ ಟೀ ಸೆಟ್ಟಿತ್ತು, ಮೇಲೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಬಂದ ಕಪ್ಪುಗಳಿದ್ದವು. ಚರ್ಚೆಯಲ್ಲಿ ನಾನು ಯಾರಿಗೂ ಸೋತವಳಲ್ಲ. ಅತ್ತೆಗೆ ಸೋತೆ.

ಶುರುವಾದದ್ದು ಒಂದು ಆಮೆಯಿಂದ. ಅತ್ತೆ ತಮ್ಮ ತವರಿನವರ ಜೊತೆ ಧರ್ಮಸ್ಥಳ, ಗೋಕರ್ಣ ಎಂದು ಬಸ್ಸಿನಲ್ಲಿ ಪ್ರವಾಸ ಹೋಗಿದ್ದರು. ಹಸುವಿನ ಹಾಲು ಕರೆಯಬೇಕಿತ್ತಾದ್ದರಿಂದ ನಾನು ಮನೆಯಲ್ಲುಳಿದೆ. ಸಮುದ್ರದ ದಂಡೆಗೆ ಬಂದಾಗ ಎಲ್ಲರೂ ನೀರಿಗಿಳಿದರಂತೆ. ಚೀಲ, ಚಪ್ಪಲಿ, ಕತ್ತಿನ ಸರ, ವಾಚು ಕಾಯುವುದಕ್ಕೆ ಒಬ್ಬರು ಬೇಕಲ್ಲ, ಅತ್ತೆಯನ್ನು ಕೂರಿಸಿದರಂತೆ. ಕಳ್ಳರು ಬರುವುದು ರಸ್ತೆಯ ಕಡೆಯಿಂದ ಎಂದು ಅತ್ತೆ ಸಮುದ್ರಕ್ಕೆ ಬೆನ್ನು ಹಾಕಿ ಕೂತರು. ಆಡುವವರು ಆಡಿ ಮೇಲೆ ಬರುವ ಹೊತ್ತಿಗೆ ಕತ್ತಲಾಗಿ, ಡ್ರೈವರು ಹಾರನ್ ಹೊಡೆಯುತ್ತಿದ್ದ. ಹೀಗೆ ಅತ್ತೆ ಸಮುದ್ರದ ತನಕ ಹೋಗಿ ಸಮುದ್ರ ನೋಡದೆ ಬಂದರು. ಚೀಲ ಕಾಯುವಾಗ ತಳ್ಳುಗಾಡಿಯವನೊಬ್ಬ ಬಂದನಂತೆ, ಅವನ ಹತ್ತಿರ ಒಂದು ಪ್ಲಾಸ್ಟಿಕ್ ಆಮೆ ತೆಗೆದುಕೊಂಡಿದ್ದರು. ಮನೆಗೆ ಬಂದವರು ಕೈಕಾಲು ತೊಳೆಯುವ ಮುಂಚೆ ನನ್ನ ಟೀ ಸೆಟ್ಟನ್ನು ಒಂಚೂರು ಸರಿಸಿ ಆಮೆಯನ್ನು ಇಟ್ಟರು.

ನಮ್ಮ ಯಜಮಾನರಿಗೆ ಕರುಳು ಚುರ್ ಎಂದಿತು. ಇನ್ನೊಂದು ಸಲ ಕರೆದುಕೊಂಡು ಹೋಗುತ್ತೇನೆ ಎಂದರು. ಅತ್ತೆ ಒಪ್ಪಲಿಲ್ಲ. ಪ್ರತಿ ಬೇಸಿಗೆ ಕೇಳುವುದು, ಪ್ರತಿ ಬೇಸಿಗೆ ಅತ್ತೆ "ಅದನ್ನೇನು ನೋಡೋದು ಬುಡು" ಎನ್ನುವುದು. ಅವರು ಹೋಗದಿದ್ದರೆ ಅವರನ್ನು ಬಿಟ್ಟು ನಾವು ಹೇಗೆ ಹೋಗುವುದು? ನನ್ನ ಸಮುದ್ರವೂ ಅಲ್ಲಿಗೇ ನಿಂತಿತು. ನಾನೂ ನೋಡಿಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ. ಕೊನೆಗೆ ಯಜಮಾನರು ಸಮಾಧಾನಕ್ಕೆಂದು ಮೊಬೈಲಿನಲ್ಲಿ ಒಂದು ಡಾಲ್ಫಿನ್ ತರಿಸಿದರು. ಅಲ್ಲಿಂದ ನನ್ನ ಗ್ರಹಚಾರ ಕೆಟ್ಟಿತು.

ನಮ್ಮ ಹಳ್ಳಿಗೆ ಕೊರಿಯರ್ ಬರುವುದಿಲ್ಲ. ಕಿಬ್ಬನಹಳ್ಳಿ ಕ್ರಾಸಿನ ಒಂದು ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ, ಹೋಗಿ ತರುವವಳು ನಾನು. ತರುವುದಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಅತ್ತೆಗೆ ಅಳತೆಯ ರೋಗ. ಯಾವುದೋ ಮುರಿದ ಆಟದ ಟ್ರ್ಯಾಕ್ಟರಿನಿಂದ ಹೆಬ್ಬೆರಳಿನ ಗೆಣ್ಣಷ್ಟು ಎತ್ತರದ ಡ್ರೈವರ್ ಗೊಂಬೆಯನ್ನು ಕಿತ್ತು ಇಟ್ಟುಕೊಂಡಿದ್ದರು. ಮೊಬೈಲಿನಲ್ಲಿ ಈ ಶಾರ್ಕು ಇಷ್ಟು ಮಾರು, ಈ ಸೀಲು ಇಷ್ಟು ಮೊಳ ಎಂದು ಮಗನ ಕೈಲಿ ಓದಿಸುವುದು, ಬಂದ ಗೊಂಬೆಯ ಪಕ್ಕ ಡ್ರೈವರನನ್ನು ನಿಲ್ಲಿಸುವುದು, ಕಣ್ಣು ಕಿರಿದು ಮಾಡಿ ನೋಡುವುದು. "ಈ ಏಡಿ ಮನ್ಸನ್ನ ಎತ್ಕೊಂಡು ಹೋಯ್ತದಲ್ಲೇ. ವಾಪಸ್ ಕಳ್ಸು" ಎಂದರೆ ಮುಗಿಯಿತು, ಮತ್ತೆ ನಾನು ಕ್ರಾಸಿಗೆ. ಕೊಬ್ಬರಿಯನ್ನು ಕೈಯಲ್ಲಿ ಹಿಡಿದೇ ದಪ್ಪ, ಸಣ್ಣ ಎಂದು ಗುಡ್ಡೆ ಬೇರೆ ಮಾಡುವ ಹೆಂಗಸು, ನಾನು ವಾದ ಮಾಡಿ ಗೆಲ್ಲುವುದುಂಟೆ? ಹಾಗಾದರೆ ಆ ಗೋಕರ್ಣದ ಆಮೆ ಡ್ರೈವರನಿಗಿಂತ ದೊಡ್ಡದಲ್ಲವೇ ಎಂದು ಒಮ್ಮೆ ಕೇಳಿದೆ. ಅದರ ಮಾತು ಬೇರೆ ಎಂದರು. ಅಂಗಡಿಯವನಂತೂ ನನ್ನನ್ನು ಕಂಡರೆ, "ಬರ್ರಕ್ಕ, ನಿಮ್ಮತ್ತೆ ಮೀನು ಬಂದದೆ" ಎಂದು ಬಸ್ಸಿಗೆ ಕಾಯುವವರೆಲ್ಲ ತಿರುಗಿ ನೋಡುವಂತೆ ಕೂಗುತ್ತಿದ್ದ.

ಒಂದಕ್ಕೊಂದು ತಾಗಬಾರದು, ಈಜುವುದಕ್ಕೆ ಜಾಗ ಬೇಕು ಎಂಬುದು ಅತ್ತೆಯ ಇನ್ನೊಂದು ಕಾನೂನು. ಈಜಿ ಈಜಿ ಮೊದಲು ನನ್ನ ಕಪ್ಪುಗಳು ಬೀರುವಿನ ತಲೆಗೆ ಹೋದವು. ವಾರಕ್ಕೊಮ್ಮೆ ಧೂಳು ಒರೆಸುವ ಕೆಲಸ ನನ್ನದು, ಒರೆಸಿದ ಮೇಲೆ ಶಾರ್ಕಿನ ಮೂತಿ ಯಾವ ಕಡೆಗಿತ್ತೋ ಅದೇ ಕಡೆಗಿರಬೇಕು. ಆಯುಧಪೂಜೆಯಲ್ಲಿ ಕುಡುಗೋಲು, ಮಚ್ಚು, ಪಂಪಿನ ಸ್ವಿಚ್ಚು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದ ಕೈ ಶೋಕೇಸಿಗೂ ಹೋಯಿತು. ಬಿಳೀ ತಿಮಿಂಗಿಲವೊಂದಿತ್ತು, ಅದರ ಹಣೆಯ ಕುಂಕುಮ ಸೋಪಿಗೂ ಹೋಗಲಿಲ್ಲ, ಹುಣಸೆಹಣ್ಣಿಗೂ ಹೋಗಲಿಲ್ಲ. ಮುತ್ತೈದೆಯಾಗಿಯೇ ಉಳಿಯಿತು.

ಇನ್ನು ಅಟ್ಟದ ವಿಷಯ. ನಮ್ಮ ಕಡೆಯವರಲ್ಲದಿದ್ದರೆ ನಿಮಗೆ ಸ್ವಲ್ಪ ಹೇಳಬೇಕು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಅದರ ತಂಟೆಗೆ ಹೋಗುವಂತಿಲ್ಲ. ಮಳೆಗಾಲದ ಥಂಡಿಗೆ ಕೆಳಗೆ ತೆಂಗಿನ ಮಟ್ಟೆಯ ಹೊಗೆ ಹಾಕುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗೊಟಗೊಟ ಎಂದಾಗ ಅದು ಕೊಬ್ಬರಿ. ಹಸಿಯಾದದ್ದೆಲ್ಲ ಅಟ್ಟದ ಮೇಲಿದ್ದರೆ ಹದಕ್ಕೆ ಬರುತ್ತದೆ ಎಂಬುದು ಅತ್ತೆಯ ನಂಬಿಕೆ. ಹೊಸ ಗೊಂಬೆಗಳಿಗೆ ಒಂದು ಘಾಟು ವಾಸನೆ ಇರುತ್ತಿತ್ತು, ಅದು ಅತ್ತೆಗೆ ಹಸಿ ವಾಸನೆ. ಹಾಗಾಗಿ ಬೆರಳುದ್ದದ ಆ ಡಾಲ್ಫಿನ್ನನ್ನು ಕಾಯಿಗಳ ನಡುವೆ ಹದಕ್ಕೆ ಹಾಕಿದರು. ಮಳೆಗಾಲ ಮುಗಿದು ಇಳಿಸಿದಾಗ ಅದು ಹೊಗೆಯ ಬಿಸಿಗೆ ಬಾಗಿ ಕುಡುಗೋಲಾಗಿತ್ತು. ವಾಸನೆ ಮಾತ್ರ ಹಾಗೇ ಇತ್ತು. ಬೀದಿಯವರೆಲ್ಲ ಬಂದು ನೋಡಿ ನಕ್ಕರು. ಅತ್ತೆ ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಬಂದದ್ದು ಈ ನೀಲಿ ತಿಮಿಂಗಿಲ. ಡ್ರೈವರನ ಅಳತೆಗೆ ಸರಿಯಾಗಿ ಬಂದಿತು, ಆದರೆ ಕೆಳಗಿನ ಹಲಗೆ ಪೂರ್ತಿ ಅದಕ್ಕೇ ಬೇಕಾಯಿತು. ನನ್ನ ಟೀ ಸೆಟ್ಟು ರಟ್ಟಿನ ಪೆಟ್ಟಿಗೆ ಸೇರಿ ಮಂಚದ ಕೆಳಗೆ ಹೋಯಿತು. ನಾನು ಸುಮ್ಮನಿರಲಿಲ್ಲ. ವಾಸನೆಗೆ ತಲೆನೋವು ಬರುತ್ತದೆ ಎಂದೆ, ಅದನ್ನು ಒಂದಿನ ಎತ್ತಿ ಬಿಸಾಕುತ್ತೇನೆ ಎಂದೂ ಅಂದೆ. ಸಿಟ್ಟಿಗೆ ಯಾರು ತಾನೇ ಹೀಗೆ ಅನ್ನುವುದಿಲ್ಲ? ನಾನು ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದೆ. ಬಂದ ಮೇಲೆ ಒಂದಷ್ಟು ದಿನ ದನದ ಹಟ್ಟಿ, ತೋಟ ಎಂದು ಶೋಕೇಸಿನ ಕಡೆ ತಲೆ ಹಾಕಲಿಲ್ಲ. ಧೂಳು ಒರೆಸಲು ಹೋದಾಗ ತಿಮಿಂಗಿಲವಿಲ್ಲ. ಅತ್ತೆಯನ್ನು ಕೇಳಿದರೆ ಅವರು ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು. "ಅಂದಂಗೇ ಮಾಡ್ಬುಟ್ಟೆ ಕಣೇ ನೀನು" ಎಂದರು. ನಾನು ಮುಟ್ಟಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟೆ. ಕಾಯಿ ತುಂಬಿದ್ದ ಅಟ್ಟವೊಂದನ್ನು ಬಿಟ್ಟು ಮನೆಯೆಲ್ಲ ಹುಡುಕಿದೆ. ಗುಜರಿಯವನನ್ನು ದಾರಿಯಲ್ಲಿ ತಡೆದು, ನಾನು ನಿನಗೇನಾದರೂ ತಿಮಿಂಗಿಲ ಹಾಕಿದ್ದೇನಾ ಎಂದು ಅತ್ತೆಯ ಎದುರೇ ಕೇಳಿದೆ. ಅವನು ಎಲ್ಲಿ ಹೇಳಿದರೆ ಏನಾಗುತ್ತದೋ ಎಂದು ತೊದಲಿದ. ಅದರಿಂದ ನನ್ನ ಕೇಸು ಇನ್ನಷ್ಟು ಹಾಳಾಯಿತು. ಯಜಮಾನರು ಇನ್ನೊಂದು ತರಿಸೋಣ ಬಿಡು ಎಂದರು, ಅಂದರೆ ಅವರೂ ನಂಬಿದ್ದರು. ಅದಕ್ಕೆ ನನಗೆ ಹೆಚ್ಚು ನೋವಾಯಿತು.

ಆ ಜಗಳ ಆರುವ ಮುಂಚೆಯೇ ಅತ್ತೆ ಹಟ್ಟಿಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ತುರುವೇಕೆರೆಯಲ್ಲಿರುವ ನನ್ನ ನಾದಿನಿಯ ಮನೆಯಲ್ಲಿ ಮೆಟ್ಟಿಲಿಲ್ಲ, ಬಚ್ಚಲು ಒಳಗೇ ಇದೆ, ಆಸ್ಪತ್ರೆಯೂ ಹತ್ತಿರ. ಕಾಲು ಸರಿಹೋಗುವ ತನಕ ಎಂದು ಹೋದವರು ಅಲ್ಲೇ ಉಳಿದರು. ಹೋಗುವಾಗ ಒಂದೊಂದು ಪ್ರಾಣಿಗೂ ತೆಂಗಿನ ನಾರು ಸುತ್ತಿಸಿ, ಕೊಬ್ಬರಿ ಚೀಲಕ್ಕೆ ತುಂಬಿಸಿಕೊಂಡು ಹೋದರು. ಸುತ್ತಿದವಳೂ ನಾನೇ. ಶೋಕೇಸು ಖಾಲಿಯಾಯಿತು, ನನ್ನ ಟೀ ಸೆಟ್ಟು, ಕಪ್ಪುಗಳು ವಾಪಸ್ ಬಂದು ಕೂತವು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಆದರೆ ಪ್ರತಿ ಭಾನುವಾರ ಸಂಜೆ ಫೋನು. ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ. "ಸಿಕ್ತಾ?" ನಾನು ಇಲ್ಲ ಎನ್ನುತ್ತೇನೆ. ಒಂದು ನಿಟ್ಟುಸಿರು. ಆಮೇಲೆ, ಹೇಗೂ ಫೋನು ಹಿಡಿದಿದ್ದಾಯಿತಲ್ಲ ಎಂಬಂತೆ, ಹಸು ಕರು ಹಾಕಿತಾ, ಬೋರಿನಲ್ಲಿ ನೀರು ಹೇಗಿದೆ, ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚುತ್ತೀಯಾ ಎಂದು ಅರ್ಧ ಗಂಟೆ ವಿಚಾರಣೆ. ಫೋನು ಇಟ್ಟ ಮೇಲೆ ನಾನು ಯಜಮಾನರ ಮುಂದೆ ಕೂಗಾಡುತ್ತಿದ್ದೆ. ಇಷ್ಟು ವರ್ಷವಾದರೂ ಕಳ್ಳಿಯನ್ನು ಕೇಳುವ ಹಾಗೆ ಕೇಳುತ್ತಾರಲ್ಲ ಎಂದು.

ಹಾಗಾಗಿ ಹೋದ ವಾರ ಮಂಕರಿ ಕೆಳಗಿಳಿದಾಗ ನನ್ನ ಸಿಟ್ಟು ಎಷ್ಟಿತ್ತೆಂದು ನೀವೇ ಲೆಕ್ಕ ಹಾಕಿ. ಮಂಕರಿ ಅತ್ತೆಯದು, ಬಾಯಿಗೆ ಸುತ್ತಿದ್ದ ಹಳೇ ಸೀರೆಯ ತುಂಡೂ ಅತ್ತೆಯದೇ. ಡಾಲ್ಫಿನ್ ಬಾಗಿದಾಗ ಎಲ್ಲರೂ ನಕ್ಕಿದ್ದರಿಂದ, ನಾನು ತವರಿಗೆ ಹೋದಾಗ ಕದ್ದು ಹದಕ್ಕೆ ಹಾಕಿ, ಆಮೇಲೆ ಮರೆತಿದ್ದಾರೆ. ಇಟ್ಟದ್ದನ್ನು ಮರೆಯುವುದು ಅವರಿಗೆ ಆಗಲೇ ಶುರುವಾಗಿತ್ತು. ಮಾರನೇ ದಿನವೇ ತಿಮಿಂಗಿಲವನ್ನು ಚೀಲಕ್ಕೆ ಹಾಕಿಕೊಂಡು ತುರುವೇಕೆರೆ ಬಸ್ಸು ಹತ್ತಿದೆ. ಚೀಲದಿಂದ ಬಾಲ ಹೊರಗೆ ಚಾಚಿತ್ತು, ಪಕ್ಕದಲ್ಲಿ ಕೂತ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಹೋಗಲಿ ಎಂದುಕೊಂಡೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿದೆ. ಚರ್ಚಾಸ್ಪರ್ಧೆಗೂ ನಾನು ಅಷ್ಟು ತಯಾರಿ ಮಾಡಿಕೊಂಡಿರಲಿಲ್ಲ.

ಅತ್ತೆ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದರು. ಸಣ್ಣಗಾಗಿದ್ದರು. ಗೋಡೆಯ ಗೂಡಿನಲ್ಲಿ ಎಲ್ಲ ಪ್ರಾಣಿಗಳೂ ಒಂದಕ್ಕೊಂದು ತಾಗದ ಹಾಗೆ ಇದ್ದವು, ಕುಂಕುಮದ ಮುತ್ತೈದೆಯೂ, ಡ್ರೈವರನೂ. ನಾನು ತಿಮಿಂಗಿಲವನ್ನು ಚೀಲದಿಂದ ತೆಗೆದು ಅವರ ತೊಡೆಯ ಮೇಲಿಟ್ಟೆ. ಅವರು ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಮೂಸಿದರು. "ಘಾಟು ಹೋಗ್ಯದೆ" ಎಂದರು.

"ಎಲ್ಲಿತ್ತು ಅಂತ ಕೇಳಲ್ವಾ?" ಎಂದೆ.

"ಅಟ್ಟದ ಮೂಲೇಲಿ. ನಾನೇ ಮಡಗಿದ್ದು. ಇಲ್ಲಿಗೆ ಬಂದ ಮೊದಲ್ನೇ ಮಳೆಗಾಲ, ಹೊಗೆ ವಾಸ್ನೆಗೆ ನೆಪ್ಪಾಯ್ತು."

ಬಸ್ಸಿನಲ್ಲಿ ಜೋಡಿಸಿದ್ದೆನಲ್ಲ, ಅಷ್ಟೂ ಮಾತು ಒಟ್ಟಿಗೆ ನುಗ್ಗಿತು. ಗೊತ್ತಿದ್ದೂ ವಾರವಾರ ಫೋನು ಮಾಡಿ ನನ್ನ ಹೊಟ್ಟೆ ಉರಿಸಿದಿರಾ ಎಂದು ಕೇಳಿಯೇಬಿಟ್ಟೆ. ನನ್ನ ದನಿ ಅಡುಗೆಮನೆಯ ನಾದಿನಿಗೂ ಕೇಳಿರಬೇಕು. ಅತ್ತೆ ತಿಮಿಂಗಿಲದ ಕರಿಯನ್ನು ಸೆರಗಿನಿಂದ ಒರೆಸುತ್ತ ಕೂತರು. ತಪ್ಪಾಯಿತು ಎನ್ನಲಿಲ್ಲ. ಮುನಿಸಿಕೊಂಡವರ ಹಾಗೆ ಹೇಳಿದರು.

"ಸುಮ್‌ಸುಮ್ನೆ ಫೋನ್ ಮಾಡಿದ್ರೆ ನೀನು ಕೆಲ್ಸ ಅದೆ ಅಂತ ಇಟ್ಬುಡ್ತೀಯ. ಈಗ ಇದೂ ಸಿಕ್ತು. ಇನ್ನೇನಂತ ಕೇಳ್ಲಿ ನಾನು?"

ನನಗೆ ಅಳು ಬಂತು. ಸಿಟ್ಟು ಹೋಗಿರಲಿಲ್ಲ, ಅದರ ಜೊತೆಗೇ ಬಂತು. ಊಟ ಮಾಡಿ ಹೊರಟಾಗ ಅತ್ತೆ ತಿಮಿಂಗಿಲವನ್ನು ತಿರುಗಿ ನನ್ನ ಚೀಲಕ್ಕೆ ಹಾಕಿಸಿದರು. ಇಲ್ಲಿನ ಗೂಡು ಚಿಕ್ಕದು, ಶೋಕೇಸಿನಲ್ಲೇ ಇರಲಿ, ದಿನಾ ಒಂದಿಷ್ಟು ಬಿಸಿನೀರಲ್ಲಿ ಅದ್ದಿ ಬಾಲ ನೀವುತ್ತಿರು, ನಿಧಾನಕ್ಕೆ ನೆಟ್ಟಗಾಗುತ್ತದೆ ಎಂದರು. ಕೆಲಸ ಹೇಳುವುದರಲ್ಲಿ ಮಾತ್ರ ಒಂದಿಷ್ಟೂ ಸಣ್ಣಗಾಗಿರಲಿಲ್ಲ.

ಮನೆಗೆ ಬಂದು ನನ್ನ ಟೀ ಸೆಟ್ಟನ್ನು ಮತ್ತೆ ಪೆಟ್ಟಿಗೆಗೆ ತುಂಬಿದೆ. ಕೆಳಗಿನ ಹಲಗೆ ಈಗ ತಿಮಿಂಗಿಲದ್ದು. ಹಂಡೆಯ ಬಿಸಿನೀರಿಗೆ ಅದ್ದಿದ್ದೇ ತಡ, ಬಾಲ ಮೆತ್ತಗಾಗಿ ಒಂದೇ ಸಲಕ್ಕೆ ನೆಟ್ಟಗಾಯಿತು. ಈಗ ನೋಡಿದರೆ ಅಂಗಡಿಯಿಂದ ಬಂದ ದಿನದ ಹಾಗೆಯೇ ಇದೆ.

ನಿನ್ನೆ ಭಾನುವಾರ. ಸಂಜೆ ಫೋನು ಬಂತು. ಹಲೋ ಇಲ್ಲ, ಏನಿಲ್ಲ.

"ನೆಟ್ಟಗಾಯ್ತಾ?"

ನಾನು ಶೋಕೇಸಿನ ಮುಂದೆಯೇ ನಿಂತಿದ್ದೆ. "ಎಲ್ಲಿ ಅತ್ತೆ," ಎಂದೆ, "ಇನ್ನೂ ಸೊಟ್ಟಗೇ ಅದೆ." ಕುರ್ಚಿ ಎಳೆದುಕೊಂಡು ಕೂತೆ.