ತೋಪಿನ ಬಾವಿ ತೋಡಿದವರ ಹೆಸರು

ಗಂಗಮ್ಮನಿಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ, ಪುಟದಲ್ಲಿ ಇಲ್ಲದ ಹೆಸರೊಂದನ್ನು ನಾನು ಆಕೆಗೆ ಓದಿ ಹೇಳಿದೆ. ಹನ್ನೊಂದು ವರ್ಷವಾಯಿತು. ಜೀವಮಾನವಿಡೀ ಮಕ್ಕಳಿಗೆ ಕನ್ನಡ ಓದಲು ಕಲಿಸಿದ ಮೇಷ್ಟ್ರು ಮಾಡಿದ ಕೆಲಸ ಇದು.

ಅಟ್ಟೂರಿನ ಪಕ್ಕದಲ್ಲಿ ನಮ್ಮ ಮೆಥೋಡಿಸ್ಟ್ ಕ್ರೈಸ್ತ ಸಭೆಯವರ ಮಾವಿನ ತೋಪು ಇದೆ. ಬೇಸಿಗೆಯಲ್ಲಿ ನಾಲ್ಕು ದಿನ ಅಲ್ಲೇ ಗುಡಾರ ಹಾಕಿಕೊಂಡು, ಹಾಡಿ, ಪ್ರಾರ್ಥಿಸಿ, ಒಟ್ಟಿಗೆ ಉಣ್ಣುವ ಕೂಟ ನಮ್ಮ ತಾತಂದಿರ ಕಾಲದ್ದು. ಆಗ ಜನ ಎತ್ತಿನ ಗಾಡಿಯಲ್ಲಿ ಬರುತ್ತಿದ್ದರು. ಈಗ ಸುತ್ತಲೂ ಲೇಔಟು, ಕಾರು ನಿಲ್ಲಿಸಲು ಜಾಗವಿಲ್ಲದೆ ಜಗಳ. ಆ ತೋಪಿನ ಚರಿತ್ರೆ ಬರೆದುಕೊಡಿ ಎಂದು ಸಭೆಯವರು ಕೇಳಿದಾಗ ನಾನು ಉಬ್ಬಿಹೋದೆ.

ಮೊದಲ ಕೂಟದಲ್ಲಿ ನೀರಿಗೆ ಹಾಹಾಕಾರವಾಗಿತ್ತಂತೆ. ಕೆರೆಯಿಂದ ಹೊತ್ತು ಹೊತ್ತು ಹೆಂಗಸರ ಸೊಂಟ ಬಿದ್ದುಹೋಯಿತಂತೆ. ಪಕ್ಕದ ಹೊಲದ ಮುನಿಯಪ್ಪ — ಗಂಗಮ್ಮನ ತಾತ, ನಮ್ಮ ಸಭೆಯವನಲ್ಲ — ಮುಂದಿನ ಬೇಸಿಗೆಯೊಳಗೆ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ತೋಪಿನಲ್ಲಿ ಬಾವಿ ತೋಡಿದ. ಕೂಲಿ ಬೇಡವೆಂದ. "ಹಾಡೋರ ಗಂಟ್ಲು ಒಣಗ್ಬಾರ್ದು" ಅಂದನಂತೆ. ಇದನ್ನೆಲ್ಲ ನನಗೆ ಹೇಳಿದವರು ನನ್ನ ಸ್ವಂತ ತಾತ ಸಾಮುವೇಲಪ್ಪ. ಅವರು ಗುಡಾರದ ಗೂಟ ಹೊಡೆದವರು, ಅಷ್ಟೇ — ಅಷ್ಟೇ ಎಂದು ಅವರೇ ನಗುತ್ತಾ ಹೇಳುತ್ತಿದ್ದರು.

ಬರೆಯಲು ಕುಳಿತಾಗ ಆ 'ಅಷ್ಟೇ' ನನಗೆ ಸಾಲಲಿಲ್ಲ. ಇಡೀ ಪುಸ್ತಕದಲ್ಲಿ ನಮ್ಮ ಮನೆಯವರ ಹೆಸರು ಎಲ್ಲೂ ಬರುವುದಿಲ್ಲವಲ್ಲ ಎಂಬ ಉರಿ... ಬರೆದುಬಿಟ್ಟೆ — 'ಈ ಬಾವಿಯನ್ನು ತೋಡಿದವರು ಸಾಮುವೇಲಪ್ಪನವರು.' ಯಾರೂ ಒತ್ತಾಯಿಸಿರಲಿಲ್ಲ. ಯಾರೂ ಪ್ರಶ್ನಿಸಲೂ ಇಲ್ಲ.

ಪುಸ್ತಕ ಅಚ್ಚಾಗಿ ಬಂದ ದಿನ, ಚಪ್ಪರಕ್ಕೆ ಮಾವಿನ ಸೊಪ್ಪು ತಂದಿದ್ದ ಗಂಗಮ್ಮ ನನ್ನನ್ನು ಹಿಡಿದು ನಿಲ್ಲಿಸಿದಳು.

"ನಮ್ ತಾತನ ಎಸ್ರು ಆಕಿದ್ದೀರಾ ಮೇಷ್ಟ್ರೇ? ಎಲ್ಲೈತೆ, ಒಸಿ ಓದಿ ಏಳಿ."

ಪುಟ ತೆರೆದೆ. ಆ ಸಾಲಿನ ಕೆಳಗೆ ಬೆರಳಿಟ್ಟು, ತರಗತಿಯಲ್ಲಿ ಓದುವ ದನಿಯಲ್ಲೇ ಓದಿದೆ: "ಈ ಬಾವಿಯನ್ನು ತೋಡಿದವರು ಮುನಿಯಪ್ಪನವರು." ಆಕೆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಪುಸ್ತಕ ಅವರ ಮನೆಯ ದೇವರ ಗೂಡು ಸೇರಿತು. ಶುಕ್ರವಾರ ಶುಕ್ರವಾರ ಆ ಸಾಲಿಗೆ ಕುಂಕುಮ ಇಡುತ್ತಾಳೆ.

ಕೂಟದ ಕೊನೆಯ ದಿನ ಸಾಕ್ಷಿ ಹೇಳುವ ಪದ್ಧತಿ ನಮ್ಮಲ್ಲಿದೆ — ಮಾಡಿದ ತಪ್ಪನ್ನು ಎಲ್ಲರೆದುರು ಎದ್ದು ಒಪ್ಪಿಕೊಳ್ಳುವುದು. ನಾನು ಒಂದು ವರ್ಷವೂ ತಪ್ಪಿಸಿಲ್ಲ. ಕದ್ದು ಬೀಡಿ ಸೇದಿದ್ದು, ತಮ್ಮನ ಜೊತೆ ಮಾತು ಬಿಟ್ಟದ್ದು, ಚಿಲ್ಲರೆ ಪಾಪಗಳನ್ನೆಲ್ಲ ಹೇಳಿ ಹಗುರಾದೆ. ಇದೊಂದನ್ನು ಮಾತ್ರ ಹೇಳದೆ ಕುಳಿತುಬಿಡುತ್ತಿದ್ದೆ.

ಕಳೆದ ಭಾನುವಾರ ಗಂಗಮ್ಮ ನಮ್ಮ ಮನೆಗೆ ಬಂದಳು. ಜೊತೆಗೆ ಮತ್ತಿಕೆರೆಯಲ್ಲಿ ಕಾಲೇಜು ಓದುವ ಮೊಮ್ಮಗಳು ಮಾನಸ. ಕೈಯಲ್ಲಿ ಅದೇ ಪುಸ್ತಕ.

"ಕುಂಕುಮ ಒರ್ಸಿ ಓದ್ಬುಟ್ಟು, ತಾತನ ಎಸ್ರೇ ಇಲ್ಲ ಅಂತಾಳೆ ಇವ್ಳು. ಮೇಷ್ಟ್ರು ಸುಳ್ಳು ಏಳ್ತಾರೇನೇ ಅಂತ ಕೆನ್ನೆಗೊಂದು ಬುಟ್ಟೆ. ಇನ್ನೊಂದ್ ಸಲ ಓದಿ ಮೇಷ್ಟ್ರೇ, ಇವ್ಳು ಕೇಳ್ಲಿ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಜೇಬು ಮುಟ್ಟಿ ನೋಡಿಕೊಂಡೆ. "ಕನ್ನಡಕ ಎಲ್ಲೋ ಇಟ್ಬಿಟ್ಟಿದ್ದೀನಿ ಗಂಗಮ್ಮ, ಸಿಕ್ತಿಲ್ಲ" ಎಂದೆ. ಕನ್ನಡಕ ಜೇಬಿನಲ್ಲೇ ಇತ್ತು. ಆಕೆ ನಂಬಿದಳು. ಗೇಟು ದಾಟುವಾಗ ಮತ್ತೆ ಮೊಮ್ಮಗಳನ್ನೇ ಬೈಯುತ್ತಿದ್ದುದು ಒಳಗೆ ಕೇಳಿಸಿತು.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ತೋಪಿಗೆ ಹೋಗುತ್ತೇನೆ, ಬಾವಿಕಟ್ಟೆ ಸುತ್ತುತ್ತೇನೆ, ಮನೆಗೆ ಬರುತ್ತೇನೆ, ಮತ್ತೆ ಹೋಗುತ್ತೇನೆ. ಅಚ್ಚಿನ ತಪ್ಪು ಎಂದುಬಿಡಲೇ ಎಂದೂ ಯೋಚಿಸಿದೆ — ಈ ವಯಸ್ಸಿನಲ್ಲೂ ಆ ಬುದ್ಧಿ ಹೋಗಿಲ್ಲ ನೋಡಿ. ನಾಚಿಕೆಯಾಗುತ್ತದೆ.

ನಾಡಿದ್ದು ಕೂಟ ಶುರು. ಕೊನೆಯ ದಿನ ಇಬ್ಬರೂ ಬರಲೇಬೇಕೆಂದು ಹೇಳಿಕಳಿಸಿದ್ದೇನೆ. ಸಾಕ್ಷಿಯ ಹೊತ್ತಿಗೆ ಪುಸ್ತಕವನ್ನು ಮಾನಸಳ ಕೈಗೆ ಕೊಡುತ್ತೇನೆ. ಅಜ್ಜಿಗೆ ಕೇಳುವಂತೆ, ಎಲ್ಲರಿಗೂ ಕೇಳುವಂತೆ, ಇರುವುದನ್ನು ಇರುವ ಹಾಗೆ ಅವಳು ಓದಲಿ. ಆಗ ಗಂಗಮ್ಮ ಅವಳನ್ನು ಬಿಟ್ಟು ನನ್ನ ಕಡೆ ತಿರುಗುತ್ತಾಳೆ. ನಾನು ಎದ್ದು ನಿಂತು ಹೇಳಬೇಕು — ನಿಮ್ಮ ಹುಡುಗಿ ಸರಿಯಾಗಿಯೇ ಓದಿದ್ದಾಳೆ, ಗಂಗಮ್ಮ.