ಎಡಗಡೆ ಸೀಟು

ನಮ್ಮ ಹಳೆಯ ಕಾರಿನ ಎಡಗಡೆ ಸೀಟು ಕುಸಿದದ್ದೂ, ನನ್ನ ವಾರಗಿತ್ತಿ ಹೊಸ ಕಾರು ತಂದದ್ದೂ ಹೆಚ್ಚುಕಮ್ಮಿ ಒಂದೇ ಸಮಯದಲ್ಲಿ. ಇಲ್ಲದಿದ್ದರೆ ನಾನು ಆ ಸೀಟಿನ ತಂಟೆಗೇ ಹೋಗುತ್ತಿರಲಿಲ್ಲವೇನೋ.

ನಾವಿರುವುದು ಹುಣಸೂರಿನಲ್ಲಿ. ಅತ್ತೆ ಬೆಟ್ಟದಪುರದಲ್ಲಿ, ನನ್ನ ಮೈದುನನ ಮನೆಯಲ್ಲಿದ್ದಾರೆ. ಅವರ ತಂಗಿಯ ಮನೆ ಸಾಲಿಗ್ರಾಮದಲ್ಲಿ. ತಂಗಿಯನ್ನು ನೋಡಬೇಕೆನಿಸಿದಾಗಲೆಲ್ಲ ಅತ್ತೆ ನನಗೇ ಫೋನು ಮಾಡುತ್ತಿದ್ದರು. ಮನೆಯ ಹೆಂಗಸರಲ್ಲಿ ಕಾರು ಓಡಿಸುತ್ತಿದ್ದವಳು ನಾನೊಬ್ಬಳೇ. ಪಕ್ಕದಲ್ಲಿ ಕೂತು ಎಲೆಅಡಿಕೆ ಜಗಿಯುತ್ತಾ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು. ಬೇರೆ ಯಾರಿಗೂ ಹೇಳದ್ದನ್ನು ನನಗೆ ಹೇಳುತ್ತಾರೆ ಎಂಬ ಹೆಮ್ಮೆ ನನಗಿತ್ತು.

ಆಮೇಲೆ ವಾರಗಿತ್ತಿಯೂ ಡ್ರೈವಿಂಗ್ ಕಲಿತಳು. ಅಷ್ಟರಲ್ಲಿ ನನ್ನ ಕಾರಿನ ಸೀಟು ಕುಸಿದು, ಕೂತವರು ಬಾಗಿಲ ಕಡೆಗೆ ವಾಲುವಂತಾಯಿತು. ಒಂದು ಸಲ ಸಾಲಿಗ್ರಾಮಕ್ಕೆ ಹೋಗಿ ಬಂದ ಮೇಲೆ ಅತ್ತೆ ಸೊಂಟ ಹಿಡಿದುಕೊಂಡು ಇಳಿದರು.

"ಇನ್ಮ್ಯಾಲೆ ನಿನ್ ಕಾರು ಬ್ಯಾಡ ಕಣವ್ವ. ಆ ಸೀಟ್ನಲ್ಲಿ ಕೂತ್ರೆ ಅಳ್ಳಕ್ಕೆ ಬಿದ್ದಂಗಾಯ್ತದೆ. ಚಿಕ್ಕೋಳ್ ಕಾರ್ನಲ್ಲೇ ಓಯ್ತೀನಿ ಬುಡು."

ನಗುತ್ತಲೇ ಹೇಳಿದರು. ನಾನೂ ನಕ್ಕೆ. ಮುಂದಿನ ಸಲ ವಾರಗಿತ್ತಿ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಫೋಟೋ ಹಾಕಿದಳು: ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು, ಅವಳ ಕಪ್ಪು ಕನ್ನಡಕ ಹಾಕಿಕೊಂಡು ಕೂತ ಅತ್ತೆ. ನನ್ನ ಕಾರಿನಲ್ಲಿ ಅವರು ಬೆಲ್ಟು ಹಾಕಲು ಎಂದೂ ಒಪ್ಪಿದವರಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ನಾನು ಆ ಫೋಟೋ ನೋಡುತ್ತಲೇ ನಿಂತಿದ್ದೆ.

ಆ ವಾರವೇ ಗಂಡನನ್ನು ಕರೆದುಕೊಂಡು ಮೈಸೂರಿನ ಶೋರೂಮಿಗೆ ಹೋದೆ. ಅಲ್ಲಿಯವನು ಸೀಟನ್ನು ಒಮ್ಮೆ ಒತ್ತಿ ನೋಡಿ, "ಸ್ಪ್ರಿಂಗ್ ಒಂದೇ ಬರಲ್ಲ ಮೇಡಂ, ಫುಲ್ ಸೀಟೇ ಚೇಂಜ್ ಮಾಡ್ಬೇಕು" ಎಂದ. ಅವನು ಹೇಳಿದ ರೇಟು ಕೇಳಿ ಕಾರನ್ನು ಹಾಗೇ ತಿರುಗಿಸಿಕೊಂಡು ಹುಣಸೂರಿನ ದಾರಿ ಹಿಡಿದೆವು.

"ಇರ್ಲಿ ಬುಡು, ಅವ್ವ ಹೆಂಗೂ ಅವ್ಳ್ ಕಾರ್ನಲ್ಲಿ ಓಗ್ತದಲ್ಲ" ಎಂದರು ಗಂಡ.

ಅದೇ ನನಗೆ ಆಗದಿದ್ದದ್ದು. "ನಾನೇ ಬಿಚ್ತೀನಿ ಕಣ್ರೀ" ಎಂದೆ.

ಭಾನುವಾರ ಯೂಟ್ಯೂಬ್ ನೋಡಿಕೊಂಡು ಶುರು ಮಾಡಿದೆ. ಸೀಟಿನ ಕೆಳಗೆ ವೈರುಗಳಿದ್ದವು. ಮೊದಲು ಬ್ಯಾಟರಿಯ ವೈರು ಕಳಚಿದೆ. ಸೀಟನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ಬೋಲ್ಟುಗಳನ್ನು ಬಿಚ್ಚಿದೆ. ತುಕ್ಕು ಹಿಡಿದ ಒಂದು ಬೋಲ್ಟು ಅಲ್ಲಾಡಲೇ ಇಲ್ಲ. ಎಣ್ಣೆ ಬಿಟ್ಟು, ಊಟ ಮಾಡಿ ಬಂದು, ಸ್ಪ್ಯಾನರಿನ ಮೇಲೆ ಕಾಲಿಟ್ಟು ತುಳಿದೆ. ತುಳಿಯುವಾಗ ಯಾರ ಮುಖ ನೆನಪಿಗೆ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಬೋಲ್ಟು ಸಡಿಲವಾಯಿತು.

ಸೀಟನ್ನು ಮಗುಚಿ ನೋಡಿದರೆ ದೊಡ್ಡ ರೋಗವೇನೂ ಅಲ್ಲ. ಮೆತ್ತೆಯನ್ನು ಹೊರುವ ಸ್ಪ್ರಿಂಗ್ ತಂತಿಗಳಲ್ಲಿ ಒಂದು ತುಂಡಾಗಿತ್ತು, ಇನ್ನೊಂದರ ಕೊಕ್ಕೆ ಕಳಚಿ ನೇತಾಡುತ್ತಿತ್ತು. ಕೊಕ್ಕೆಯನ್ನು ಕಟಿಂಗ್ ಪ್ಲೇಯರಿನಿಂದ ಎಳೆದು ತೂತಿಗೆ ಸಿಕ್ಕಿಸಿದೆ. ತುಂಡಾದ ತಂತಿಯ ಜಾಗದಲ್ಲಿ ಗಂಡನ ಬೈಕಿನ ಹಳೇ ಕ್ಲಚ್ ವೈರನ್ನು ಅತ್ತಿಂದಿತ್ತ ಬಿಗಿದು ಕಟ್ಟಿದೆ. ವೈರು ಮೆತ್ತೆಯನ್ನು ಕೊಯ್ಯದಿರಲೆಂದು ನಡುವೆ ಹೊಗೆಸೊಪ್ಪಿನ ಮೂಟೆ ಕಟ್ಟುವ ಗೋಣಿತಾಟನ್ನು ಮಡಿಸಿ ಇಟ್ಟೆ. ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿದಾಗ ಅಂಗೈ ಬೊಬ್ಬೆ ಎದ್ದಿತ್ತು. ಗಂಡ ಕೂತು ಕುಪ್ಪಳಿಸಿ, "ಹೊಸದಕ್ಕಿಂತ ಗಟ್ಟಿ ಆಗದೆ ಕಣೇ" ಎಂದರು.

ಅತ್ತೆಗೆ ನಾನೇ ಫೋನು ಮಾಡಿ, ಸಾಲಿಗ್ರಾಮಕ್ಕೆ ಕರೆದೊಯ್ಯಲು ಬೆಟ್ಟದಪುರಕ್ಕೆ ಹೋದೆ. ವಾರಗಿತ್ತಿ ಹೊರಗೆ ಬಂದು ಸೀಟನ್ನು ಒತ್ತಿ ನೋಡಿದಳು.

"ಶೋರೂಮಲ್ಲಿ ಮಾಡ್ಸುದ್ರಾ ಅಕ್ಕ?"

"ಇಲ್ಲ. ನಾನೇ ಬಿಚ್ಚಿ ಮಾಡ್ದೆ."

ಅವಳು ಸೀಟಿನಿಂದ ಕೈ ಹಿಂದಕ್ಕೆ ತೆಗೆದುಕೊಂಡಳು. ಅದನ್ನು ನೋಡಲೆಂದೇ ನಾನು ಇಷ್ಟೆಲ್ಲ ಮಾಡಿದ್ದು.

ಅತ್ತೆ ಆರಾಮಾಗಿ ಒರಗಿ ಕೂತರು. ಒಮ್ಮೆಯೂ ಸೊಂಟ ನೋವೆನ್ನಲಿಲ್ಲ. ಆದರೆ ಸಾಲಿಗ್ರಾಮ ತಲುಪುವವರೆಗೂ ಅವರ ಬಾಯಲ್ಲಿ ಚಿಕ್ಕ ಸೊಸೆಯದೇ ಮಾತು. ಅವಳು ಎಷ್ಟು ನಿಧಾನವಾಗಿ ಓಡಿಸುತ್ತಾಳೆ, ಹಂಪು ಬಂದರೆ ಹೇಗೆ ಮೊದಲೇ ಹೇಳುತ್ತಾಳೆ, ಅವಳ ಕಾರಿನ ಎಸಿ ಎಷ್ಟು ತಣ್ಣಗಿದೆ. ನಾನು "ಹ್ಞೂಂ, ಹ್ಞೂಂ" ಅನ್ನುತ್ತಾ ಸ್ಟೇರಿಂಗನ್ನು ಹಿಸುಕುತ್ತಿದ್ದೆ. ಬೊಬ್ಬೆ ಉರಿಯುತ್ತಿತ್ತು. ಬೇಕೆಂದೇ ಒಂದು ಹಂಪಿನ ಮೇಲೆ ಜೋರಾಗಿ ಹೋದೆ. ಸೀಟು ಕದಲಲಿಲ್ಲ, ಅತ್ತೆಯ ಮಾತೂ ನಿಲ್ಲಲಿಲ್ಲ.

ಅವರನ್ನು ವಾಪಸು ಬಿಟ್ಟು ಮನೆಗೆ ಬಂದು ಕಾಫಿ ಕುಡಿಯುತ್ತಿದ್ದಾಗ ವಾರಗಿತ್ತಿಯ ಫೋನು ಬಂತು. ದನಿ ಒಂಥರಾ ಇತ್ತು.

"ಏನ್ ಮಂತ್ರ ಹಾಕುದ್ರಿ ಅಕ್ಕ? ಅತ್ತೆ ಬಂದಾಗ್ನಿಂದ ನಿಮ್ದೇ ಸುದ್ದಿ. ದೊಡ್ಡೋಳು ಕಾರೇ ಬಿಚ್ಚಿ ಮಡಗ್ತಾಳೆ, ನಿಂಗೆ ಟೈರ್ಗೆ ಗಾಳಿ ಹಾಕಕ್ಕೂ ಬರಲ್ಲ ಅಂತವ್ರೆ."

ಅವಳು ನಗಲು ನೋಡಿದಳು, ಆಗಲಿಲ್ಲ. ಒಲೆಯ ಮುಂದೆ ಫೋಟೋ ನೋಡುತ್ತಾ ನಿಂತಿದ್ದಾಗ ಮಾತಾಡಿದ್ದರೆ ನನ್ನ ದನಿಯೂ ಹೀಗೇ ಇರುತ್ತಿತ್ತೇನೋ. ನನ್ನ ಕಾರಿನಲ್ಲಿ ದಾರಿಯುದ್ದಕ್ಕೂ ಅತ್ತೆ ಯಾರನ್ನು ಹೊಗಳಿದರೆಂದು ಹೇಳಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

"ಹೌದಾ?" ಎಂದಷ್ಟೇ ಹೇಳಿ ಕಾಫಿ ಕುಡಿದೆ.