ಮತ್ತೆ ಮೊದಲ ವರ್ಷಕ್ಕೆ

ಮೂವತ್ತೈದರ ಹತ್ತಿರ ಬಂದ ಮೇಲೆ, ನಮಗಿಂತ ಎಷ್ಟೋ ಕಿರಿಯನಾದ ಹುಡುಗನಿಂದ ಬೈಸಿಕೊಳ್ಳುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ನನಗೆ ಒದಗಿದೆ. ಅವನು ಮೈಸೂರು ಕಡೆಯವನು, ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮೇಲಿದ್ದವನು, ಸಂಭಾವಿತ. ಬೈಯುವಾಗಲೂ ಮರ್ಯಾದೆ ಬಿಟ್ಟವನಲ್ಲ. "ಯಾವ ರಕ್ತಪರೀಕ್ಷೆಗೆ ಯಾವ ಬಣ್ಣದ ಮುಚ್ಚಳದ ಬಾಟಲಿ ಅಂತ ಇಷ್ಟೂ ಗೊತ್ತಿಲ್ವಾ ಮೇಡಂ?" ಎಂದ. ಗೊತ್ತಿರಲಿಲ್ಲ. ನಾನು ಬಂದ ಆರೋಗ್ಯ ಕೇಂದ್ರದಲ್ಲಿ ಬಾಟಲಿಗಳು ಇದ್ದರೆ ಅದೇ ದೊಡ್ಡದು, ಮುಚ್ಚಳದ ಬಣ್ಣ ನೋಡುವಷ್ಟು ಶ್ರೀಮಂತಿಕೆ ನಮಗಿರಲಿಲ್ಲ.

ಬೈಂದೂರಿನಿಂದ ಒಳಗೆ, ಯಡ್ತರೆ ದಾಟಿ ಹೋಗಬೇಕಾದ ಆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ನಾನು ಸೇರಿದ್ದು ೧೯೯೭ರಲ್ಲಿ. ಓದು ಮುಗಿಸಿದ ಬಿಸಿ ಇನ್ನೂ ಆರಿರಲಿಲ್ಲ. ಬ್ರಹ್ಮಾವರದ ತವರಿನಿಂದ ಒಂದು ಟ್ರಂಕು ತುಂಬ ಪುಸ್ತಕ ಹೊತ್ತು ಹೋಗಿದ್ದೆ. ಮೊದಲ ವಾರವೇ ಮಗಳನ್ನು ಹೆರಿಗೆಗೆ ಕರೆತಂದ ಅಜ್ಜಿಯೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಗೆ ಮಕ್ಳೆಷ್ಟ್ ಅಮ್ಮಾ?" ಎಂದು ಕೇಳಿದರು. ಮದುವೆಯೇ ಆಗಿಲ್ಲ ಎಂದೆ. "ಹಂಗಾರೆ ನಿಮ್ಗೆ ಹ್ಯಾಂಗ್ ಗೊತ್ತಾತ್ತ್?" ಎಂದರು. ಅದು ಕುಹಕವಲ್ಲ, ಶುದ್ಧ ಕುತೂಹಲ. ನಮ್ಮ ಆ ಬದಿಯಲ್ಲಿ ಹೆರಿಗೆ ಮಾಡಿಸುವವಳ ಅನುಭವವನ್ನು ಅಳೆಯುವ ರೀತಿಯೇ ಅದು. ಗೋಡೆಗೆ ತೂಗುಹಾಕಿದ ಪದವಿಯನ್ನು ಯಾರೂ ಓದುವುದಿಲ್ಲ, ನಿಮ್ಮದೇ ಎಷ್ಟು ಎಂದು ಕೇಳುತ್ತಾರೆ. ಮುಂದೆ ತಲ್ಲೂರಿನ ಮೀನು ವ್ಯಾಪಾರದ ಮನೆಗೆ ಸೊಸೆಯಾಗಿ, ಶ್ರಾವ್ಯ ಹುಟ್ಟಿ, ರಜೆ ಮುಗಿಸಿ ನಾನು ಕೆಲಸಕ್ಕೆ ಮರಳಿದ ದಿನ ಹೊರಗೆ ಬೆಂಚಿನಲ್ಲಿ ಕುಳಿತಿದ್ದ ಹೆಂಗಸರು ಮೊದಲ ಬಾರಿಗೆ ನನ್ನನ್ನು ಕಂಡು ಎದ್ದು ನಿಂತರು. "ಈಗ ನಮ್ಮ ಡಾಕ್ಟ್ರಿಗೂ ಗೊತ್ತಾಯ್ತ್ ಕಾಣಿ" ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ಕಿವಿಗೆ ಬಿತ್ತು. ವಿಶ್ವವಿದ್ಯಾಲಯ ಕೊಡದ ಮಾನ್ಯತೆಯನ್ನು ನನ್ನ ಮಗಳು ಕೊಡಿಸಿದ್ದಳು.

ಎಂಟು ವರ್ಷ ಹಾಗೆ ಕಳೆಯಿತು. ಮಳೆಗಾಲದಲ್ಲಿ ಕರೆಂಟು ಹೋದಾಗ ಟಾರ್ಚಿನ ಬೆಳಕಿನಲ್ಲಿ ಹಿಡಿದ ಮಕ್ಕಳು ಈಗ ನನ್ನ ಕಣ್ಣೆದುರೇ ಶಾಲೆಗೆ ಹೋಗುತ್ತಿದ್ದವು. ಆದರೂ ಕಷ್ಟದ ಹೆರಿಗೆ ಬಂದರೆ ಜೀಪು ಹುಡುಕಿ ಕುಂದಾಪುರಕ್ಕೆ ಕಳುಹಿಸಬೇಕು. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಜಗಲಿಯಲ್ಲಿ ನಿಂತೇ ಇರುತ್ತಿದ್ದೆ. ಹಾಗೆ ನಿಂತು ನಿಂತು ಸಾಕಾಗಿ, ಪ್ರಸೂತಿ ಶಾಸ್ತ್ರದಲ್ಲಿ ಸ್ನಾತಕೋತ್ತರ ಓದಬೇಕೆಂದು ಪರೀಕ್ಷೆ ಬರೆದೆ. ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆಂದು ಮೀಸಲಿಟ್ಟ ಸೀಟು ಸಿಕ್ಕಿತು. ನನ್ನ ಎಂಟು ವರ್ಷದ ಹಳ್ಳಿ ಸೇವೆಯನ್ನು ಅಲ್ಲಿ ಪ್ರೀತಿಯಿಂದಲೇ ಲೆಕ್ಕಕ್ಕೆ ಹಿಡಿದರು. ಬಾಗಿಲಲ್ಲಿ ಆರತಿ ಎತ್ತಿ ಒಳಗೆ ಕರೆದರು ಎನ್ನಿ.

ಒಳಗೆ ಹೋದ ಮೇಲೆ ಮಾತ್ರ ಆ ಎಂಟು ವರ್ಷ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿಲ್ಲ! ಕಾಲೇಜು ಇದ್ದದ್ದು ಬ್ರಹ್ಮಾವರವನ್ನೂ ದಾಟಿ ದಕ್ಷಿಣಕ್ಕೆ. ಹಾಸ್ಟೆಲಿನಲ್ಲಿ ಉಳಿಯಬೇಕು, ತಿಂಗಳಿಗೆ ಒಂದೆರಡು ಭಾನುವಾರ ಮನೆ. ಮೊದಲ ವರ್ಷದವರ ಕೆಲಸ ರಕ್ತ ತೆಗೆಯುವುದು, ಬಾಟಲಿ ಹಿಡಿದು ಓಡುವುದು, ವರದಿ ತರುವುದು. ಹೆರಿಗೆ ಕೋಣೆಯಲ್ಲಿ ನಾವು ಗೋಡೆಗೆ ಒತ್ತಿಕೊಂಡು ನೋಡಬೇಕು. ಅಜ್ಜಿಗೆ ಕೆಮ್ಮಲು ಕಲಿಸಿದ ಹಾಗೆ ಮೇಲಿನ ವರ್ಷದವರು ನನಗೆ ಹೆರಿಗೆಯ ಹಂತಗಳನ್ನು ವಿವರಿಸುತ್ತಿದ್ದರು. ನಾನೂ ಒಳ್ಳೆಯ ಅಜ್ಜಿಯ ಹಾಗೆ ತಲೆ ಆಡಿಸುತ್ತಿದ್ದೆ.

ಬೇಜಾರಾಗುತ್ತಿತ್ತೇ ಎಂದು ಕೇಳಿದರೆ, ಬಾಟಲಿ ಹಿಡಿದು ಓಡಿದ್ದಕ್ಕೆ ಅಲ್ಲ. ಅಹಂಕಾರವನ್ನು ಸೊಸೆಯಾಗಿ ಬಂದ ದಿನವೇ ಅರ್ಧ ಬಿಟ್ಟಾಗಿತ್ತು. ತವರಿನಲ್ಲಿ ವರ್ಷಗಟ್ಟಲೆ ಕುಚ್ಚಲಕ್ಕಿ ಅನ್ನ ಬಸಿದವಳಿಗೆ, "ಅದ್ ನಿಮ್ಮ ಬದಿಯ ಕ್ರಮ, ಇಲ್ಲಿ ಕ್ರಮ ಕಾಣ್" ಎಂದು ಅತ್ತೆ ತಪ್ಪಲೆ ಕೈಗೆ ಕೊಟ್ಟಿದ್ದರು. ಲೋಕದ ಯಾವ ಹೊಸ ಮನೆಯೂ ಹಳೆಯ ಮನೆಯ ಅನುಭವವನ್ನು ಪೂರ್ತಿ ಒಪ್ಪುವುದಿಲ್ಲ. ನನ್ನ ಸಂಕಟ ಬೇರೆ. ಹೊರಡುವಾಗ ಶ್ರಾವ್ಯಳಿಗೆ ನಾಲ್ಕು ವರ್ಷ. ಕೋರ್ಸು ಮೂರು ವರ್ಷ. ಮೊದಲೇ ಡಿಪ್ಲೊಮಾ ಮಾಡಿ ಬಂದವರಿಗೆ ಎರಡೇ ವರ್ಷ, ಒಂದು ವರ್ಷ ಮಾಫಿ. ನನ್ನ ಎಂಟು ವರ್ಷಕ್ಕೆ ಪ್ರತಿಯಾಗಿ ಆ ಒಂದು ವರ್ಷ ಕೊಟ್ಟುಬಿಟ್ಟರೆ ಸಾಕು, ಮಗಳಿಗೆ ಆರಾಗುವಷ್ಟರಲ್ಲಿ ಮನೆಯಲ್ಲಿರುತ್ತೇನೆ ಎಂಬುದು ನನ್ನ ಆಸೆ. ಗೌರವ ಬೇಡವಾಗಿತ್ತು, ಆ ವರ್ಷ ಬೇಕಾಗಿತ್ತು.

ಅರ್ಜಿ ಬರೆದು ವಿಭಾಗದ ಮುಖ್ಯಸ್ಥೆಯ ಮುಂದೆ ನಿಂತೆ. ಕನ್ನಡಕದ ಮೇಲಿಂದ ನೋಡಿ, "ಎಂಟು ವರ್ಷ ಯಾರ ಕೈಕೆಳಗೆ ಕೆಲಸ ಮಾಡಿದಿರಿ?" ಎಂದರು. "ಯಾರೂ ಇರಲಿಲ್ಲ ಮೇಡಂ. ಯಾರೂ ಇಲ್ಲದ್ದರಿಂದಲೇ ಕಲಿತದ್ದು" ಎಂದೆ. ಅವರು ನಕ್ಕರು. ಯಾರ ಕೈಕೆಳಗೂ ಇಲ್ಲದೆ ಮಾಡಿದ ಕೆಲಸ ನಿಯಮದ ಪ್ರಕಾರ ತರಬೇತಿ ಆಗುವುದಿಲ್ಲ, ಆದರೂ ಮೇಲಕ್ಕೆ ಕಳುಹಿಸುತ್ತೇನೆ ಎಂದರು. ನಾನು ಕಾಯತೊಡಗಿದೆ.

ನನ್ನ ಅಪ್ಪ ಬ್ರಹ್ಮಾವರದ ಆಸುಪಾಸಿನ ಯಕ್ಷಗಾನ ಒಂದನ್ನೂ ಬಿಟ್ಟವರಲ್ಲ. ಆಟ ನೋಡುವುದಕ್ಕಿಂತ ಚೌಕಿಯಲ್ಲಿ, ಅಂದರೆ ವೇಷಧಾರಿಗಳು ಬಣ್ಣ ಹಚ್ಚುವ ಜಾಗದಲ್ಲಿ, ಕುಳಿತು ಹರಟುವುದೇ ಅವರಿಗೆ ಹೆಚ್ಚು ಇಷ್ಟ. ಚೌಕಿಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ಕ್ರಮವಿದೆ. ಕೂತ ಜಾಗ ನೋಡಿದರೆ ವೇಷಧಾರಿಯ ಯೋಗ್ಯತೆ ತಿಳಿಯುತ್ತದೆ. ಬೇರೆ ಮೇಳದಲ್ಲಿ ಹೆಸರು ಮಾಡಿದವನು ಹೊಸ ಮೇಳಕ್ಕೆ ಬಂದಾಗ ಅವನ ಬಣ್ಣದ ಪೆಟ್ಟಿಗೆಯನ್ನು ಎಲ್ಲಿ ಇಡಿಸುವುದು ಎಂಬುದೇ ಎಲ್ಲರಿಗೂ ತಲೆನೋವು. ನಾನು ಫೋನಿನಲ್ಲಿ ಅತ್ತುಕೊಂಡಾಗ ಅಪ್ಪ ಇದನ್ನೆಲ್ಲ ಹೇಳಿ, "ಪೆಟ್ಗಿ ಎಲ್ ಬೇಕಾರೂ ಇಡ್ಲಿ ಮಗಾ. ನೀ ಬಣ್ಣ ಹಚ್ಕಂಡ್ ತಯಾರಿರ್" ಎಂದರು. ಸಮಾಧಾನವಾಯಿತು. ಆದರೆ ವೇಷಧಾರಿಗೆ ಬೆಳಗಾದರೆ ಆಟ ಮುಗಿಯುತ್ತದೆ, ನನ್ನದು ಮೂರು ವರ್ಷದ ಆಟ.

ಹೀಗಿರುವಾಗ ಒಂದು ಬೆಳಿಗ್ಗೆ ಮುಖ್ಯಸ್ಥೆಯವರ ಹಿಂದೆ ವಾರ್ಡಿನಲ್ಲಿ ಸಾಲಾಗಿ ಹೋಗುತ್ತಿದ್ದೆವು. ಬಾಲದ ತುದಿಯಲ್ಲಿ ನಾನು. "ಹ್ವಾಯ್ ಡಾಕ್ಟ್ರಮ್ಮಾ!" ಎಂಬ ಕೂಗು ಕೇಳಿ ಇಡೀ ಸಾಲು ನಿಂತಿತು. ಗುಲಾಬಿ! ಬೈಂದೂರು ಪೇಟೆಯಲ್ಲಿ ಮೀನು ಮಾರುವವಳು. ಅವಳ ಮೂರು ಮಕ್ಕಳೂ ನನ್ನ ಕೈಯಲ್ಲೇ ಹುಟ್ಟಿದವು. ತಂಗಿಯ ಹೆರಿಗೆಗೆಂದು ಬಂದಿದ್ದಳು.

"ನೀವೆಂತ ಇಲ್ಲಿ?" ಎಂದಳು.

"ಕಲೀತಾ ಇದ್ದೆ ಗುಲಾಬಿ."

"ಎಂತ ಕಲೂದ್?"

"ಹೆರ್ಗೆ ಮಾಡ್ಸೂದ್."

ಅವಳ ಮುಖ ಇಳಿಯಿತು. ಎದೆಗೆ ಕೈ ಇಟ್ಟುಕೊಂಡು, "ಅಯ್ಯೋ ದೇವ್ರೆ! ಹಂಗಾರೆ ನನ್ನ ಮೂರು ಮಕ್ಳ ಹೆರ್ಗೆ ಮಾಡ್ಸುವತಿಗೆ ನಿಮ್ಗೆ ಬತ್ತಿರ್ಲಿಲ್ಯಾ?" ಎಂದಳು.

ಮೈಸೂರಿನ ಹುಡುಗ ಕೆಮ್ಮಿದ. ಮುಖ್ಯಸ್ಥೆ ಕಿಟಕಿಯ ಕಡೆ ತಿರುಗಿದರು, ಅವರ ಭುಜ ಅಲುಗುತ್ತಿತ್ತು. ನಾನು ಬತ್ತಿತ್ತ್ ಎಂದರೆ ಇಲ್ಲಿ ಯಾಕಿದ್ದೇನೆ? ಬತ್ತಿರ್ಲಿಲ್ಲ ಎಂದರೆ ಅವಳ ಮೂರು ಮಕ್ಕಳ ಗತಿ? ಅವಳ ಕೈ ಹಿಡಿದು ನಕ್ಕುಬಿಟ್ಟೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಗೋಡೆಗೆ ಒತ್ತಿಕೊಂಡು ನೋಡುತ್ತ ನೋಡುತ್ತ, ನಾನು ಕೈಗುಣ ಎಂದುಕೊಂಡದ್ದರಲ್ಲಿ ಎಷ್ಟೋ ಪಾಲು ಅದೃಷ್ಟವಾಗಿತ್ತು ಎಂದು ತಿಳಿಯತೊಡಗಿತ್ತು. ಗುಲಾಬಿಯ ಎರಡನೆಯ ಹೆರಿಗೆ ಸುಸೂತ್ರವಾದದ್ದು ನನ್ನ ಜಾಣತನದಿಂದ ಅಲ್ಲವೆಂದು ಈಗ ಗೊತ್ತು.

ಊರಿಗೆ ಮರಳಿದ ಗುಲಾಬಿ ತನಗೆ ಅರ್ಥವಾದದ್ದನ್ನು ಮೀನಿನ ಬುಟ್ಟಿಯ ಜೊತೆ ಮನೆಮನೆಗೂ ಹಂಚಿದಳು. ಡಾಕ್ಟ್ರಮ್ಮ ಫೇಲಾಗಿದ್ದಾರೆ, ಪಾಪ, ಸರ್ಕಾರದವರು ಪುನಃ ಕ್ಲಾಸಿನಲ್ಲಿ ಕೂರಿಸಿದ್ದಾರೆ ಎಂದು. ಸುದ್ದಿ ಬೈಂದೂರಿನಿಂದ ತಲ್ಲೂರಿಗೆ ನನಗಿಂತ ಬೇಗ ತಲುಪಿತು. "ಸೊಸಿ ಫೇಲ್ ಆಯ್ತಂಬ್ರ್, ಬೇಜಾರ್ ಮಾಡ್ಕಣ್ಬೇಡಿ" ಎಂದು ನೆರೆಯವರು ಅತ್ತೆಯ ಹತ್ತಿರ ಬಂದು ಕುಳಿತರು. "ಫೇಲ್ ಆದ್ದಲ್ಲ ಮಾರಾಯ್ತಿ, ದೊಡ್ಡ ಡಾಕ್ಟ್ರ್ ಆಪುಕೆ ಹೋದ್ದ್" ಎಂದು ಅತ್ತೆ ಹೇಳಿ ಹೇಳಿ ದಣಿದರು. ಆಗಷ್ಟೇ ಶಾಲೆಗೆ ಸೇರಿದ್ದ ಶ್ರಾವ್ಯ ಯಾರನ್ನು ನಂಬಿದಳೋ, ಮುಂದಿನ ಫೋನಿನಲ್ಲಿ, "ಅಮ್ಮಾ, ನೀ ಸಮ ಓದ್. ಮತ್ತ್ ಫೇಲ್ ಆಬೇಡ" ಎಂದಳು. ಆಯ್ತು ಎಂದೆ. ಫೋನು ಇಟ್ಟು ಹಾಸ್ಟೆಲಿನ ಮೆಟ್ಟಿಲಲ್ಲಿ ಕುಳಿತು ಸ್ವಲ್ಪ ಹೊತ್ತು ನಕ್ಕೆ, ಆಮೇಲೆ ಅತ್ತುಬಿಟ್ಟೆ.

ಅರ್ಜಿಗೆ ಉತ್ತರ ಬಂತು. ಸಾಧ್ಯವಿಲ್ಲ. ಮುಖ್ಯಸ್ಥೆ ತಾವೇ ಕರೆದು ಹೇಳಿದರು, "ನಿಮ್ಮ ಮಗುವಿಗೆ ಎಷ್ಟು ವರ್ಷ?" ಎಂದೂ ಕೇಳಿದರು. ಮೂರು ವರ್ಷವನ್ನೂ ಪೂರ್ತಿ ಓದಿದೆ. ಈಗ ಯೋಚಿಸಿದರೆ ಆ ಮೂರನೆಯ ವರ್ಷದಲ್ಲಿ ಕಲಿತದ್ದೇ ನನ್ನ ಕೈಗೆ ಹೆಚ್ಚು ಬಂದಿದೆ. ಅದನ್ನು ಮಾಫಿ ಮಾಡಿದ್ದರೆ ಯಾರಿಗೆ ಏನಾಗುತ್ತಿತ್ತೋ! ಆದರೆ ಇದನ್ನು ನಾನು ಸಂತೋಷದಿಂದ ಹೇಳುತ್ತಿಲ್ಲ. ಆ ವರ್ಷ ನನಗೆ ಬೇಕಾಗಿತ್ತು.

ಪರೀಕ್ಷೆ ಮುಗಿಸಿ ಟ್ರಂಕಿನೊಡನೆ ಮನೆಗೆ ಬಂದೆ. ಕುಂದಾಪುರದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಲು ಇನ್ನೂ ಕೆಲವು ದಿನವಿತ್ತು. ಮಧ್ಯಾಹ್ನ ಊಟಕ್ಕೆ ಬಂಗುಡೆ ಹುರಿದಿದ್ದರು. ಹಿಂದೆಲ್ಲ ಭಾನುವಾರ ಬಂದರೆ ನಾನು ಉಣ್ಣುವ ಮೊದಲೇ ತೂಕಡಿಸುತ್ತಿದ್ದೆ. ಆ ದಿನ ಎಚ್ಚರವಾಗಿದ್ದೆ. ಶ್ರಾವ್ಯ ತಟ್ಟೆಯನ್ನು ಅಭ್ಯಾಸದಂತೆ ಅಜ್ಜಿಯ ಕಡೆ ದೂಡುತ್ತಿದ್ದಳು. ನಾನು ಕೈ ಚಾಚಿದೆ. ಅವಳು ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ನನ್ನನ್ನೇ ನೋಡಿದಳು.

"ಅಮ್ಮಾ, ನಿಂಗೆ ಮುಳ್ ತೆಗುಕೆ ಬತ್ತಾ?"

"ಬತ್ತ್ ಮಗಾ. ನೀ ಸಣ್ಣದಿಪ್ಪತಿಗೆ ನಾನೇ ತೆಗ್ದ್ ಕೊಡ್ತಿದ್ದೆ."

"ನಂಗೆ ನೆನ್ಪಿಲ್ಲೆ."

ನಾಲ್ಕು ವರ್ಷದ ಅನುಭವ ಹಾಗೆ ಒಂದೇ ಮಾತಿಗೆ ಹೋಯಿತು. "ಹೌದ್ ಹೆಣ್ಣೆ, ಅಮ್ಮನೇ ತೆಗ್ದ್ ಕೊಡ್ತಿದ್ಲ್" ಎಂದು ಅತ್ತೆ ಸಾಕ್ಷಿ ಹೇಳಿದರು. ಶ್ರಾವ್ಯ ಅದನ್ನು ಕೇಳಿಸಿಕೊಂಡಳು, ಒಪ್ಪಿಕೊಳ್ಳಲಿಲ್ಲ. "ಹಂಗಾರೆ ಒಂದ್ ತೆಗ್ದ್ ತೋರ್ಸ್, ಕಾಂಬ" ಎಂದಳು.

ತೆಗೆದೆ. ಯಾವ ಶಸ್ತ್ರಚಿಕಿತ್ಸೆಯಲ್ಲೂ ನನ್ನ ಬೆರಳು ಅಷ್ಟು ಹೆದರಿದ್ದಿಲ್ಲ. ಅವಳು ತುಂಡನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಉಳಿದುಹೋಗಿದ್ದ ಒಂದು ಸಣ್ಣ ಮುಳ್ಳನ್ನು ಉಗುರಿನಲ್ಲಿ ಎಳೆದು ತಟ್ಟೆಯ ಅಂಚಿಗಿಟ್ಟಳು. ಆಮೇಲೆ ತಿಂದಳು. ಅಗಿದು ಮುಗಿಯುವವರೆಗೆ ನಾನು ಅವಳ ದವಡೆಯನ್ನೇ ನೋಡುತ್ತಿದ್ದೆ.

"ಅಡ್ಡಿಲ್ಲೆ. ನಾಳಿಗೂ ನೀನೇ ತೆಗಿ."

ಅದು ಎಷ್ಟು ವರ್ಷದ ಕೋರ್ಸೆಂದು ನಾನು ಕೇಳಲಿಲ್ಲ. ಯಾವ ರಿಯಾಯಿತಿಯೂ ನನಗೆ ಬೇಡವಾಗಿತ್ತು.